ಶಾಲೆಯ ಪರಿಸರ ಪಾಠದಲ್ಲಿ ನಮ್ಮೂರಿಗೂ ಜಾಗ: ಉತ್ತರ ಕನ್ನಡದ ವಿಜ್ಞಾನ ಸಂಘಗಳಿಗೆ ಒಂದು ಮಾರ್ಗದರ್ಶಿ

ಪರಿಸರ ಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಅದೇ ಊರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಪ್ರಾದೇಶಿಕ ಕೇಂದ್ರವಿದೆ. ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ, ಶಿರಸಿಯಲ್ಲಿ ಅರಣ್ಯ ಕಾಲೇಜು. ಇವರ ಜೊತೆಗೆ ಊರೂರಲ್ಲಿ ಹಕ್ಕಿ ನೋಡುವವರು, ನಿವೃತ್ತ ಮೇಷ್ಟ್ರುಗಳು, ಎಲೆ ಮುರಿದು ಮೂಸಿಯೇ ಗಿಡ ಯಾವುದೆಂದು ಹೇಳುವ ಅಜ್ಜಂದಿರು. ಇಷ್ಟೆಲ್ಲ ಇದ್ದೂ ಕರಾವಳಿಯ 5ನೇ ತರಗತಿಯ ಮಗುವನ್ನು ಆಹಾರ ಸರಪಳಿ ಅಂದ್ರೇನು ಎಂದು ಕೇಳಿ ನೋಡಿ. ಹುಲ್ಲು, ಜಿಂಕೆ, ಹುಲಿ ಎನ್ನುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಎಲೆ ಉದುರಿ ಕೊಳೆಯುವುದು, ಅದನ್ನು ಏಡಿ, ಸೀಗಡಿ ತಿನ್ನುವುದು, ಅವನ್ನು ಮೀನು, ಮೀನನ್ನು ಮಿಂಚುಳ್ಳಿ ಹಿಡಿಯುವುದು ಮನೆ ಹಿಂದೆಯೇ ನಡೆಯುತ್ತದೆ. ಮಗು ಅದನ್ನು ದಿನಾ ನೋಡುತ್ತದೆ. ಪರೀಕ್ಷೆಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಆ ಜಾಗ ಮಾಡಿಸುವುದು ಹೇಗೆ? ನಿಮ್ಮದು ಹತ್ತು ಜನರ ಬಳಗವಿರಬಹುದು, ನೋಂದಾಯಿತ ಸಂಘವಿರಬಹುದು. ಶಾಲೆಗೆ ಹೋಗಿ ಭಾಷಣ ಮಾಡುವುದು, ಜೂನ್ 5ಕ್ಕೆ ಗಿಡ ನೆಡುವುದು ಇವೆಲ್ಲ ನೀವು ಆಗಲೇ ಮಾಡುತ್ತಿರುತ್ತೀರಿ. ಅದು ಒಳ್ಳೆಯದೇ. ಆದರೆ ನೀವು ಬಿಟ್ಟ ಮರುವರ್ಷ ಅದೂ ನಿಲ್ಲುತ್ತದೆ. ನೀವಿಲ್ಲದಿದ್ದರೂ ನಡೆಯಬೇಕಾದರೆ ಅದು ಇಲಾಖೆಯ ಕಾಗದದಲ್ಲಿ ಬರಬೇಕು.

ಮೊದಲು, ಏನು ಕೇಳಬಾರದು

'ಪರಿಸರಕ್ಕೆ ಪ್ರತ್ಯೇಕ ವಿಷಯ ಮಾಡಿ' ಎಂದು ಕೇಳಬೇಡಿ. ಎಲ್ಲ ಸಂಘಗಳಿಗೂ ಮೊದಲು ಹೊಳೆಯುವುದು ಇದೇ. ಹೊಸ ವಿಷಯ ಅಂದರೆ ಹೊಸ ಪುಸ್ತಕ, ಹೊಸ ಪೀರಿಯಡ್, ಹೊಸ ಶಿಕ್ಷಕರು. ಇರುವ ಹುದ್ದೆ ತುಂಬುವುದಕ್ಕೇ ಅತಿಥಿ ಶಿಕ್ಷಕರಿಗೆ ಕಾಯುವ ಶಾಲೆಗಳಲ್ಲಿ ಇದು ಕಾಗದದಲ್ಲೇ ಉಳಿಯುತ್ತದೆ. ಇಂಗ್ಲೆಂಡಿನಲ್ಲೇ ನೋಡಿ. ಅಲ್ಲಿ ನಿಸರ್ಗ ಅಧ್ಯಯನದ ಪ್ರತ್ಯೇಕ ಜಿಸಿಎಸ್‌ಇ (ನಮ್ಮ ಎಸ್‌ಎಸ್‌ಎಲ್‌ಸಿಯಂಥದ್ದು) ಕೋರ್ಸ್ ತರುತ್ತೇವೆ ಎಂದು ಸರ್ಕಾರ 2022ರ ಏಪ್ರಿಲ್‌ನಲ್ಲಿ ಘೋಷಿಸಿತು. ಮೂರು ವರ್ಷ ಕಳೆದರೂ ಅದು ತರಗತಿಗೆ ಬಂದಿರಲಿಲ್ಲ. ಅಷ್ಟು ಹಣ, ಅಷ್ಟು ದೊಡ್ಡ ಸಂಘಗಳ ಬೆಂಬಲ ಇದ್ದ ಕಡೆಯೇ ಹೀಗೆ.

ನಮ್ಮಲ್ಲಿ ಕಾನೂನಿನ ಕೊರತೆಯೂ ಇಲ್ಲ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕು ಎಂದಿತು. 2003ರ ಡಿಸೆಂಬರ್‌ನಲ್ಲಿ ಅದನ್ನೇ ಮತ್ತೆ ಗಟ್ಟಿಯಾಗಿ ಹೇಳಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆವಾಸ ಮತ್ತು ಕಲಿಕೆಯ ಬಗ್ಗೆ ಒಂದು ತಂಡ ರಚನೆಯಾಯಿತು. ಅದರ ಅಧ್ಯಕ್ಷರು ಮಾಧವ ಗಾಡ್ಗೀಳ್. ನಮ್ಮ ಜಿಲ್ಲೆಯ ಕಾಡುಗಳನ್ನು 1970ರ ದಶಕದಿಂದ ಬಲ್ಲವರಾಗಿದ್ದ ವಿಜ್ಞಾನಿ. ಮಕ್ಕಳು ತಮ್ಮೂರಿನ ಪರಿಸರವನ್ನು ತಾವೇ ದಾಖಲಿಸಬೇಕು, ಆ ಮಾಹಿತಿ ಊರಿಗೂ ಉಪಯೋಗವಾಗಬೇಕು ಎನ್ನುವುದು ಆ ತಂಡದ ಮುಖ್ಯ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ 10 ಬ್ಯಾಗ್ ಇಲ್ಲದ ದಿನಗಳನ್ನು ಸೂಚಿಸಿದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಸಂಭ್ರಮ ಶನಿವಾರ ಇದೆ. ಇಕೋ ಕ್ಲಬ್ ಇದೆ. ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ.

ಹೀಗಾಗಿ ಕೇಳಬೇಕಾದ್ದು ಚಿಕ್ಕದು: ಇರುವ ವಿಷಯದಲ್ಲಿ, ಇರುವ ಅಂಕದಲ್ಲಿ, ಇರುವ ದಿನದಲ್ಲಿ ನಮ್ಮೂರಿಗೆ ಒಂದು ಪಾಲು. ಇಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಪುಸ್ತಕ ಓದಿ, ಪಟ್ಟಿ ಮಾಡಿ

ಮನವಿ ಬರೆಯುವ ಮೊದಲು 1ರಿಂದ 10ರವರೆಗಿನ ಪರಿಸರ ಅಧ್ಯಯನ ಮತ್ತು ವಿಜ್ಞಾನದ ಪುಸ್ತಕಗಳನ್ನು ಸಂಘದವರು ಹಂಚಿಕೊಂಡು ಓದಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಓದದೇ 'ಪುಸ್ತಕದಲ್ಲಿ ಪರಿಸರವೇ ಇಲ್ಲ' ಎಂದು ಹೋದರೆ ಮೊದಲ ಸಭೆಯಲ್ಲೇ ಮಾತು ಮುಗಿಯುತ್ತದೆ. ಪರಿಸರ ಇದೆ. ನಮ್ಮ ಊರು ಇಲ್ಲ, ಅಷ್ಟೇ.

ಓದುವಾಗ ಒಂದು ಅಳತೆಗೋಲು ಬೇಕು. ಅಮೆರಿಕದ ಇಕಾಲಜಿಕಲ್ ಸೊಸೈಟಿ 2018ರಲ್ಲಿ ಒಪ್ಪಿಕೊಂಡ ಚೌಕಟ್ಟು ಇದಕ್ಕೆ ಅನುಕೂಲ. ಅವರು ನಾಲ್ಕು ಸಂಗತಿ ಇರಬೇಕು ಎನ್ನುತ್ತಾರೆ: ಮೂಲ ಪರಿಕಲ್ಪನೆಗಳು, ನೋಡಿ ಅಳೆದು ಲೆಕ್ಕ ಹಾಕುವ ಅಭ್ಯಾಸ, ಮನುಷ್ಯ ಮತ್ತು ಪರಿಸರದ ಸಂಬಂಧ, ಎಲ್ಲ ಪಾಠಗಳನ್ನೂ ಜೋಡಿಸುವ ಎಳೆಗಳು. ಅದು ಮುಖ್ಯವಾಗಿ ಕಾಲೇಜಿನವರಿಗಾಗಿ ಮಾಡಿದ್ದು. ಆದರೆ ಶಾಲಾ ಪುಸ್ತಕಕ್ಕೂ ನಾಲ್ಕು ಕಾಲಂ ಹಾಕಿ ಗುರುತು ಹಾಕುತ್ತಾ ಹೋಗಬಹುದು. ಮೊದಲ ಕಾಲಂ ಬೇಗ ತುಂಬುತ್ತದೆ. ಎರಡನೆಯದರಲ್ಲಿ ಖಾಲಿ ಮನೆಗಳು ಎಲ್ಲೆಲ್ಲಿ ಉಳಿಯುತ್ತವೆ ನೋಡಿ. ನೀವು ಸಹಾಯ ಮಾಡಬಹುದಾದ್ದು ಅಲ್ಲೇ.

ಇನ್ನೊಂದು ಕಾಲಂ ನೀವೇ ಸೇರಿಸಿ: ಈ ಪಾಠಕ್ಕೆ ನಮ್ಮ ತಾಲೂಕಿನ ಉದಾಹರಣೆ ಯಾವುದು? ಮಣ್ಣಿನ ಪಾಠಕ್ಕೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡ. ಬೆಳೆಯ ಪಾಠಕ್ಕೆ ಮಾಣಿಕಟ್ಟಾದ ಗಜನಿ ಗದ್ದೆ ಮತ್ತು ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. ಜಲಮೂಲಕ್ಕೆ 2024ರಲ್ಲಿ ರಾಮ್‌ಸರ್ ತಾಣವಾದ (ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಘನಾಶಿನಿ ಅಳಿವೆ, ಅಲ್ಲಿ ಬಳಚು (ಚಿಪ್ಪುಜೀವಿ) ಹೆಕ್ಕಿ ಸಂಸಾರ ನಡೆಸುವ ಹೆಂಗಸರು. ಸಿದ್ದಾಪುರದವರಿಗೆ ಕತ್ತಲೆಕಾನಿನ ರಾಮಪತ್ರೆ ಜಡ್ಡಿ (ಜೌಗು ಕಾಡು), ಸಿಂಗಳೀಕ. ದಾಂಡೇಲಿಯವರಿಗೆ ಮಂಗಟ್ಟೆ ಹಕ್ಕಿ. ಶಿರಸಿಯವರಿಗೆ ಸೊಪ್ಪಿನ ಬೆಟ್ಟ, ಮತ್ತು 1983ರ ಸೆಪ್ಟೆಂಬರ್‌ನಲ್ಲಿ ಸಲ್ಕಣಿಯಲ್ಲಿ ಶುರುವಾದ, ಮರ ಅಪ್ಪಿಕೊಂಡು ಉಳಿಸುವ ಅಪ್ಪಿಕೋ ಚಳವಳಿ. ಆರೋಗ್ಯದ ಪಾಠಕ್ಕೆ ಮಂಗನ ಕಾಯಿಲೆ ಇದೆ. ಕಾಡು, ಮಂಗ, ಉಣುಗು, ಮನುಷ್ಯ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ತೋರಿಸುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ನಾಲ್ಕೈದು ಶಾಲೆಯಲ್ಲಿ ಮಾಡಿ ತೋರಿಸಿ

ಇಲ್ಲಿ ಅವಸರ ಬೇಡ. ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಕಥೆ ಪ್ರತಿ ಸಂಘವೂ ತಿಳಿದಿರಬೇಕು. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಬರೀ 16 ಶಾಲೆಗಳಲ್ಲಿ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಶುರು ಮಾಡಿದವು. ಶಿಕ್ಷಕರ ತರಬೇತಿ, ಸಭೆಗಳು, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಹೀಗೆ ಒಂದೊಂದೇ ಜೋಡಿಸಿದರು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಮುಂದೆ ರಾಜ್ಯದ ಬೇರೆ ಕಡೆಗೂ ಹೋಯಿತು. 2002ರಲ್ಲಿ ಸರ್ಕಾರ ನಿಲ್ಲಿಸಿಬಿಟ್ಟಿತು. ಬೆಳೆದ ರೀತಿಯಲ್ಲೂ ನಿಂತ ರೀತಿಯಲ್ಲೂ ಪಾಠವಿದೆ. ಕೆಳಗಿನಿಂದ ಬಂದಿದ್ದಕ್ಕೆ ಮೂವತ್ತು ವರ್ಷ ಬಾಳಿತು. ಮೇಲಿನ ಒಂದು ಆದೇಶಕ್ಕೆ ಮುಗಿಯಿತು.

ಹಾಗಾದರೆ ಶಾಲೆಯಲ್ಲಿ ಏನು ಮಾಡುವುದು? ಕಾರವಾರದಲ್ಲಿ ಕಾಳಿ ಹಿನ್ನೀರಿನ ಪಕ್ಕದ ಶಾಲೆ ಎಂದಿಟ್ಟುಕೊಳ್ಳಿ. ನಾಲ್ಕು ಕೋಲು, ಒಂದು ಉಂಡೆ ಸುತಳಿ, ಒಂದು ಸ್ಕೇಲು. ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ಅಂಚಿಗೆ ಮಕ್ಕಳನ್ನು ಕರೆದೊಯ್ಯಿರಿ. ಒಂದು ಮೀಟರ್ ಚೌಕ ಕಟ್ಟಿಸಿ. ಒಳಗೆ ಎಷ್ಟು ಏಡಿ ಬಿಲ? ಎಷ್ಟು ಉಸಿರುಬೇರು ಮೇಲೆದ್ದಿವೆ? ಎಷ್ಟು ಪ್ಲಾಸ್ಟಿಕ್ ಚೂರು? ನಾಲ್ಕು ಮಕ್ಕಳಿಗೆ ಒಂದು ಚೌಕ. ಒಬ್ಬ ಎಣಿಸುತ್ತಾನೆ, ಒಬ್ಬಳು ಬರೆಯುತ್ತಾಳೆ, ಇನ್ನಿಬ್ಬರು ಮತ್ತೆ ಎಣಿಸಿ ಸರಿನೋಡುತ್ತಾರೆ. ಎರಡು ಎಣಿಕೆ ಹೊಂದದಿದ್ದರೆ ಮೂರನೇ ಸಲ. ಆಮೇಲೆ ಹತ್ತು ಹೆಜ್ಜೆ ಒಳಗೆ, ಗಿಡ ದಟ್ಟವಾಗಿರುವ ಕಡೆ ಇನ್ನೊಂದು ಚೌಕ. ಬಿಲಗಳ ಲೆಕ್ಕ ಬದಲಾಗುತ್ತದೆ. 'ಯಾಕೆ?' ಎನ್ನುವ ಪ್ರಶ್ನೆಯನ್ನು ನೀವು ಕೇಳಬೇಕಾಗಿಲ್ಲ. ಯಾರಾದರೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಉತ್ತರ ಗೊತ್ತಿರುವುದು ಬಹುಶಃ ಅವನ ಪಕ್ಕದಲ್ಲೇ ನಿಂತಿರುವ ಮೀನುಗಾರರ ಮನೆಯ ಹುಡುಗಿಗೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಮೇಷ್ಟ್ರಿಗೇ ಹೇಳಿಕೊಡುತ್ತಾರೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಇದು.

ಶಾಲೆಗೆ ಮರಳಿದ ಮೇಲೆ ಅದೇ ಲೆಕ್ಕವನ್ನು ಗಣಿತದ ಪೀರಿಯಡ್‌ನಲ್ಲಿ ಸರಾಸರಿಗೆ ಬಳಸಿ. ಕನ್ನಡದ ಪೀರಿಯಡ್‌ನಲ್ಲಿ ನೋಡಿದ್ದನ್ನು ಬರೆಸಿ. ಹಾಗೆ ಮಾಡಿದರೆ 'ಪೀರಿಯಡ್ ಹಾಳಾಯ್ತು' ಎನ್ನುವ ಮಾತು ಬರುವುದಿಲ್ಲ.

ಸುರಕ್ಷತೆ ವಿಷಯದಲ್ಲಿ ಸಡಿಲ ಬೇಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ಪಾಲಕರ ಒಪ್ಪಿಗೆ ಪತ್ರ ಪಡೆಯಿರಿ. ಉಬ್ಬರದ ಸಮಯ ಮೊದಲೇ ತಿಳಿದುಕೊಳ್ಳಿ, ಆ ಜಾಗ ಬಲ್ಲ ಒಬ್ಬ ಮೀನುಗಾರರು ಜೊತೆಗಿರಲಿ. ಸಿಂಪಿಯ ಚಿಪ್ಪು ಬರಿಗಾಲನ್ನು ಕೊಯ್ದುಬಿಡುತ್ತದೆ, ಚಪ್ಪಲಿ ಕೆಸರಲ್ಲಿ ಉಳಿಯುತ್ತದೆ, ಹಾಗಾಗಿ ಅಂಚಿನಲ್ಲೇ ಕೆಲಸ ಮಾಡಿ. ಘಟ್ಟದ ಮೇಲೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಮಂಗ ಸತ್ತ ಸುದ್ದಿ ಇರುವ ಕಡೆ ಮಕ್ಕಳನ್ನು ಕಾಡಿಗೆ ಒಯ್ಯಲೇಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿಯೇ ಹೊರಡಿ. ರಕ್ಷಿತ ಅರಣ್ಯ, ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅವರದ್ದೇ 'ಚಿಣ್ಣರ ವನ ದರ್ಶನ' ಕಾರ್ಯಕ್ರಮದ ಜೊತೆ ಸೇರಿಕೊಂಡರೆ ಇನ್ನೂ ಸಲೀಸು.

ನಾಲ್ಕೈದು ಶಾಲೆಯಲ್ಲಿ ಒಂದು ಇಡೀ ವರ್ಷ ಮಾಡಿ. ಮಕ್ಕಳ ಹಾಳೆಗಳನ್ನು ಕಾಪಾಡಿ. ಮೊದಲು ಮತ್ತು ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿ ಉತ್ತರ ಇಟ್ಟುಕೊಳ್ಳಿ. ಮೇಜಿನ ಮೇಲೆ ಇಡುವುದಕ್ಕೆ ನಿಮ್ಮ ಬಳಿ ಇರಬೇಕಾದ್ದು ಇದೇ. ಫೋಟೋ ಆಲ್ಬಮ್‌ಗಿಂತ ಎರಡು ಉತ್ತರ ಪತ್ರಿಕೆ ಜಾಸ್ತಿ ಮಾತಾಡುತ್ತವೆ.

ಅಂಕದ ಜಾಗ ಹುಡುಕಿ

ನಮ್ಮ ಶಾಲೆಗಳಲ್ಲಿ ಅಂಕ ಇದ್ದದ್ದು ನಡೆಯುತ್ತದೆ, ಇಲ್ಲದ್ದು ಶನಿವಾರಕ್ಕೆ ಹೋಗುತ್ತದೆ. ಬೇಸರದ ಮಾತಾದರೂ ನಿಜ. ಅದನ್ನೇ ನಮ್ಮ ಅನುಕೂಲಕ್ಕೆ ತಿರುಗಿಸಬೇಕು. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಇವೆ. ಅದರಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ ಚಟುವಟಿಕೆಗೂ ಅಂಕವಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ ಚಟುವಟಿಕೆಗೆ ಎಷ್ಟೋ ಕಡೆ ಮಕ್ಕಳು ಅಂಗಡಿಯಲ್ಲಿ ಚಾರ್ಟ್ ಕೊಂಡು ಅಂಟಿಸಿ ತರುತ್ತಾರೆ. ಆ ಜಾಗದಲ್ಲಿ ಊರಿನ ಚೌಕ, ಊರಿನ ಕೆರೆ, ಊರಿನ ಮರ ಬರಲಿ. ಹೊಸ ಆದೇಶವಿಲ್ಲದೆಯೂ ಶಿಕ್ಷಕರು ನಾಳೆಯಿಂದಲೇ ಮಾಡಬಹುದಾದ ಬದಲಾವಣೆ ಇದು.

ಪ್ರಶ್ನೆ ಬರೆದುಕೊಡುವುದು ನಿಮ್ಮ ಸಂಘದ ಕೆಲಸ. 'ಆಹಾರ ಸರಪಳಿ ಎಂದರೇನು?' ಎನ್ನುವ ಬದಲು, 'ನಿಮ್ಮೂರಿನ ಗದ್ದೆ, ಹೊಳೆ ಅಥವಾ ತೋಟದಲ್ಲಿ ನೀವು ಕಂಡ 5 ಜೀವಿಗಳ ಹೆಸರು ಬರೆಯಿರಿ, ಯಾವುದು ಯಾವುದನ್ನು ತಿನ್ನುತ್ತದೆ ಎಂದು ಗೆರೆ ಎಳೆದು ತೋರಿಸಿ'. ಹೀಗೆ ತರಗತಿಗೆ ಹತ್ತು ಪ್ರಶ್ನೆ, ಜೊತೆಗೆ ಅಂಕ ಕೊಡುವ ಬಗೆಯನ್ನೂ ಬರೆಯಿರಿ. ಅಂಕ ಕೊಡುವ ಬಗೆ ಇಲ್ಲದಿದ್ದರೆ ಶಿಕ್ಷಕರಿಗೆ ಅದು ಬರೀ ಹೊರೆ.

ಯಾವ ಮೇಜಿಗೆ ಹೋಗಬೇಕು

ಮುಖ್ಯಮಂತ್ರಿಗೆ ಮನವಿ ಕೊಟ್ಟು ಪತ್ರಿಕೆಯಲ್ಲಿ ಫೋಟೋ ಬಂದರೆ ಕೆಲಸ ಆಯ್ತು ಅನಿಸುತ್ತದೆ. ಆಗುವುದಿಲ್ಲ. ಯಾರ ಕೈಯಲ್ಲಿ ಏನಿದೆ ಎಂದು ತಿಳಿದು ಹೋಗಬೇಕು.

ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ, ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಇದ್ದಾರೆ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ನಿಮಗೆ ಅರ್ಧ ಗಂಟೆ ಕೊಡಿಸುವವರು ಅವರು. ಶುರು ಮಾಡಬೇಕಾದ್ದೇ ಇಲ್ಲಿಂದ. ತಾಲೂಕಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಆಮೇಲೆ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು), ಮತ್ತು ಇಲ್ಲಿ ನಮ್ಮ ಜಿಲ್ಲೆಯ ವಿಶೇಷ ನೆನಪಿಡಿ: ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಕರಾವಳಿ ತಾಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಕಾರವಾರದಲ್ಲಿ ಕೊಟ್ಟ ಮನವಿ ಯಲ್ಲಾಪುರದ ಶಾಲೆಗೆ ಮುಟ್ಟುವುದಿಲ್ಲ. ಎರಡೂ ಕಡೆ ಬೇರೆ ಬೇರೆ ಹೋಗಿ, ಬೇರೆ ಬೇರೆ ಉದಾಹರಣೆ ಒಯ್ಯಿರಿ. ಶಿರಸಿಯವರಿಗೆ ಕಾಂಡ್ಲಾ ತೋರಿಸಿ ಪ್ರಯೋಜನವಿಲ್ಲ, ಅಲ್ವಾ?

ಕುಮಟಾದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಿಕ್ಷಕರ ತರಬೇತಿಯ ಮನೆ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಅತಿ ಮುಖ್ಯವಾದ ಬಾಗಿಲು ಇದು, ಸಂಘಗಳು ಅತಿ ಕಡಿಮೆ ತಟ್ಟುವ ಬಾಗಿಲೂ ಇದೇ. ತರಬೇತಿ ಪಟ್ಟಿಯಲ್ಲಿ ಒಂದು ದಿನದ 'ಊರಿನ ಪರಿಸರದಿಂದ ಪಾಠ' ಸೇರಿದರೆ ನೂರು ಭಾಷಣಕ್ಕೆ ಸಮ. ಉಪನ್ಯಾಸಕರನ್ನು ಒಮ್ಮೆ ನಿಮ್ಮ ಶಾಲೆಗೆ ಕರೆತಂದು ಕೆಸರಲ್ಲಿ ನಿಲ್ಲಿಸಿ. ಆಮೇಲೆ ನೀವು ಜಾಸ್ತಿ ಹೇಳಬೇಕಾಗುವುದಿಲ್ಲ.

ಪಠ್ಯಕ್ರಮ ಡಿಎಸ್‌ಇಆರ್‌ಟಿಯದು (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ), ಪುಸ್ತಕ ಪಠ್ಯಪುಸ್ತಕ ಸಂಘದ್ದು, ಎರಡೂ ಬೆಂಗಳೂರಿನಲ್ಲಿ. ಪರಿಸರ ಅಧ್ಯಯನದ ಪುಸ್ತಕ ರಾಜ್ಯದಲ್ಲೇ ಸಿದ್ಧವಾಗುತ್ತದೆ. ಮೇಲಿನ ತರಗತಿಗಳ ವಿಜ್ಞಾನ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕ ಆಧಾರಿತ. ಹಾಗಾಗಿ ಪುಸ್ತಕ ತಿದ್ದುವ ಆಸೆ ಇದ್ದರೆ 3ರಿಂದ 5ನೇ ತರಗತಿಯ ಮೇಲೆ ಗಮನ ಕೊಡಿ.

ಇನ್ನೆರಡು ದಾರಿಗಳು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಒಂದು, ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರ. ಉತ್ತರ ಕನ್ನಡ, ಧಾರವಾಡ, ಗದಗ, ಹಾವೇರಿಯ ಶಿಕ್ಷಕರೇ ಮತ ಹಾಕಿ ಆರಿಸುವ ಸದಸ್ಯರವರು. ಶಿಕ್ಷಕರ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋದರೆ ಸದನದಲ್ಲಿ ಪ್ರಶ್ನೆ ಕೇಳಿಸಬಹುದು. ಎರಡು, ಪಂಚಾಯತಿಯ ಮಕ್ಕಳ ಗ್ರಾಮ ಸಭೆ. ಮಕ್ಕಳು ತಮ್ಮ ಲೆಕ್ಕದ ಹಾಳೆ ಹಿಡಿದು ಅಲ್ಲಿ ಮಾತಾಡಲಿ. ಅದೇ ಮಾಹಿತಿಯನ್ನು ಜೀವವೈವಿಧ್ಯ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೂ ಸೇರಿಸಲು ಕೇಳಿ. ಮಕ್ಕಳ ಕೆಲಸ ಊರಿನ ದಾಖಲೆಯಾದ ಮೇಲೆ ಅದನ್ನು ನಿಲ್ಲಿಸುವುದು ಸುಲಭವಲ್ಲ.

ಮನವಿ ಎರಡು ಪುಟ ಮೀರಬಾರದು

ಸಂಘಕ್ಕೆ ನೋಂದಣಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಥಳೀಯ ಕಾಲೇಜಿನ ವಿಭಾಗವನ್ನೋ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಜಿಲ್ಲಾ ಘಟಕವನ್ನೋ ಜೊತೆಗಿಟ್ಟುಕೊಳ್ಳಿ. ಮನವಿ ಹೀಗಿರಲಿ:

'ವಿಷಯ: 5ನೇ ತರಗತಿ ಪರಿಸರ ಅಧ್ಯಯನದ ಎಫ್‌ಎ-3 ಚಟುವಟಿಕೆಯಾಗಿ ಊರಿನ ಜೀವಿಗಳ ದಾಖಲೆಯನ್ನು ಸೂಚಿಸುವ ಕುರಿತು.

ಮಾನ್ಯರೇ, ತಮ್ಮ ತಾಲೂಕಿನ ಶಾಲೆಗಳಲ್ಲಿ ಶಿಕ್ಷಕರ ಜೊತೆ ಸೇರಿ ಕಳೆದ ಸಾಲಿನಲ್ಲಿ ಈ ಚಟುವಟಿಕೆ ನಡೆಸಿದ್ದೇವೆ. ಶಾಲೆಗಳ ಪಟ್ಟಿ, ಮಕ್ಕಳ ಹಾಳೆಗಳ ಮಾದರಿ ಮತ್ತು ಅಂಕ ಕೊಡುವ ಬಗೆಯನ್ನು ಲಗತ್ತಿಸಿದೆ. ಇದಕ್ಕೆ ಹೆಚ್ಚುವರಿ ಪೀರಿಯಡ್, ಹೆಚ್ಚುವರಿ ಅನುದಾನ ಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ತಾಲೂಕಿನ ಎಲ್ಲ ಶಾಲೆಗಳಿಗೆ ಐಚ್ಛಿಕ ಚಟುವಟಿಕೆಯಾಗಿ ಸೂಚಿಸಿ ಸುತ್ತೋಲೆ ಹೊರಡಿಸಬೇಕಾಗಿ ಕೋರುತ್ತೇವೆ. ಶಿಕ್ಷಕರ ತರಬೇತಿಯನ್ನು ಸಂಘವೇ ಉಚಿತವಾಗಿ ನಡೆಸಿಕೊಡುತ್ತದೆ.'

ಇದರಲ್ಲಿ 'ಐಚ್ಛಿಕ' ಎನ್ನುವುದನ್ನು ಬಿಡಬೇಡಿ. ಕಡ್ಡಾಯ ಮಾಡಿದರೆ ಅಧಿಕಾರಿ ಹಿಂಜರಿಯುತ್ತಾರೆ, ಶಿಕ್ಷಕರು ಬೈದುಕೊಳ್ಳುತ್ತಾರೆ. ಮನವಿ ಕೊಟ್ಟ ದಿನ ಪ್ರತಿಯ ಮೇಲೆ ಸೀಲು, ಸ್ವೀಕೃತಿ ತೆಗೆದುಕೊಳ್ಳಿ. ತಿಂಗಳಾದ ಮೇಲೆ ಹಿಂಬರಹ ಕೇಳಿ. 'ಆಗುವುದಿಲ್ಲ' ಎಂಬ ಹಿಂಬರಹ ಬಂದರೂ ಬೇಸರ ಬೇಡ. ಯಾಕೆ ಆಗುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತಾರೆ, ಮುಂದಿನ ಮನವಿ ಅಲ್ಲಿಂದ ಶುರುವಾಗುತ್ತದೆ.

ಕಾಲವನ್ನೂ ನೋಡಿ. ಜೂನ್‌ನಲ್ಲಿ ದಾಖಲಾತಿ, ಪುಸ್ತಕ ಹಂಚಿಕೆ, ಮಳೆ ರಜೆ. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ. ಈ ತಿಂಗಳುಗಳಲ್ಲಿ ಯಾರಿಗೂ ನಿಮ್ಮ ಮಾತು ಕೇಳುವ ಪುರುಸೊತ್ತಿಲ್ಲ. ದಸರಾ ರಜೆ ಮುಗಿದ ಮೇಲೆ ಡಿಸೆಂಬರ್ ಕೊನೆಯೊಳಗೆ ಹೋಗಿ. ಮುಂದಿನ ವರ್ಷದ ಯೋಜನೆಗೆ ಸೇರಿಸಲು ಆಗ ಸಮಯ ಇರುತ್ತದೆ, ಹೊಳೆ ದಂಡೆಯೂ ಒಣಗಿರುತ್ತದೆ.

ದೊಡ್ಡ ಅವಕಾಶಗಳು ಹೇಳಿಕೇಳಿ ಬರುವುದಿಲ್ಲ. ರಾಜ್ಯ ಶಿಕ್ಷಣ ನೀತಿಗಾಗಿ 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ನೇಮಕವಾಯಿತು, 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಂಥ ಆಯೋಗಗಳ ಮುಂದೆ ಸಾವಿರ ಅಹವಾಲು ಬರುತ್ತವೆ. ಶಾಲೆಯಲ್ಲಿ ಮಾಡಿ ನೋಡಿದ ಎರಡು ಪುಟ ಕೈಯಲ್ಲಿ ಸಿದ್ಧವಾಗಿದ್ದವರ ಮಾತಿಗೆ ತೂಕ ಬೇರೆ. ಮುಂದೆ ಪಠ್ಯ ಪರಿಷ್ಕರಣೆಗೆ ಸಮಿತಿ ಆದಾಗಲೂ ಅಷ್ಟೇ.

ಹೋರಾಟ ಮತ್ತು ಪಾಠ

ಹೋರಾಟದಲ್ಲಿರುವವರು ಶಾಲೆಯಲ್ಲಿ ಹೇಗಿರಬೇಕು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದು. ಕೇಣಿ ಬಂದರು, ಬೇಡ್ತಿ–ವರದಾ ನದಿ ಜೋಡಣೆ, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ: ನಿಮ್ಮ ಸಂಘದ ಅರ್ಧ ಜನ ಇವುಗಳ ವಿರುದ್ಧದ ಸಭೆಗಳಲ್ಲಿ ಇರುತ್ತಾರೆ. ಅದು ಅವರ ಹಕ್ಕು. ಆದರೆ ಶಾಲೆಯ ಕೆಲಸವನ್ನೂ ಹೋರಾಟವನ್ನೂ ಒಂದೇ ಲೆಟರ್‌ಹೆಡ್‌ನಲ್ಲಿ ನಡೆಸಬೇಡಿ. ಶಿಕ್ಷಕರು ಸರ್ಕಾರಿ ನೌಕರರು, ಅವರಿಗೆ ನಡತೆ ನಿಯಮಗಳಿವೆ. ನಿಮ್ಮ ಕಾರಣಕ್ಕೆ ಒಬ್ಬ ಶಿಕ್ಷಕಿಗೆ ನೋಟಿಸ್ ಬಂದರೆ ಆ ತಾಲೂಕಿನಲ್ಲಿ ಮತ್ತೆ ಯಾರೂ ಬಾಗಿಲು ತೆರೆಯುವುದಿಲ್ಲ.

ಹಾಗಂತ ನದಿಯ ಮಾತನ್ನೇ ಮುಚ್ಚಿಡಬೇಕೆಂದಲ್ಲ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ ನಷ್ಟವನ್ನು ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಲೆಕ್ಕ ಹಾಕಿದರು. ಆ ಯೋಜನೆ ಮುಂದೆ ಹೋಗಲಿಲ್ಲ. ಮಕ್ಕಳಿಗೆ ಕಲಿಸಬೇಕಾದ್ದು ಆ ಲೆಕ್ಕ ಹಾಕುವ ಕಲೆಯನ್ನು. ನೀರು ಅಳೆಯಲಿ, ಮೀನು ಎಣಿಸಲಿ, ಎರಡೂ ಕಡೆಯವರನ್ನು ಮಾತಾಡಿಸಿ ಬರೆಯಲಿ. ಘೋಷಣೆ ಕಲಿಸುವುದು ಬೇಡ.

ಅಧಿಕಾರಿ ವರ್ಗವಾದಾಗ

ಇದು ಖಂಡಿತ ಆಗುತ್ತದೆ. ಒಳ್ಳೆಯ ಬಿಇಒ ಸಿಕ್ಕು ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ವರ್ಗಾವಣೆ ಆದೇಶ ಬರುತ್ತದೆ. ಹಾಗಾಗಿ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೂರಬೇಡಿ, ಪ್ರತಿ ವರ್ಷ ಒಂದಾದರೂ ಸುತ್ತೋಲೆ ಆ ಅಧಿಕಾರಿಯ ಸಹಿಯಲ್ಲಿ ಇರಲಿ. ಮನವಿ, ಸ್ವೀಕೃತಿ, ಹಿಂಬರಹ, ಸುತ್ತೋಲೆ, ಮಕ್ಕಳ ಹಾಳೆಗಳ ಮಾದರಿ ಎಲ್ಲ ಒಂದೇ ಕಡತದಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ. ಹೊಸಬರು ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲಿ ಅದರ ಜೆರಾಕ್ಸ್ ಒಯ್ದು ಕೊಡಿ. ಜೊತೆಗೆ ಚಟುವಟಿಕೆ ನಡೆಸಿದ ಇಬ್ಬರು ಶಿಕ್ಷಕರು ಬರಲಿ. ಮಾತು ಅವರೇ ಶುರು ಮಾಡಲಿ.